ದುಡಿಯಾಕ ಹೊಂಟವರಿಗೆ ಮೊದಲ ಪಾಠ

ಬಾಗಲಕೋಟೆ, ಬಾದಾಮಿ, ಹುನಗುಂದ, ಇಳಕಲ್ ಸೀಮೆಯ ಹಳ್ಳಿಗಳಲ್ಲಿ ಮನೆಯ ಮಂದಿ ಎಷ್ಟು ಎಂದು ಕೇಳಿದರೆ ಉತ್ತರ ಎರಡು ಭಾಗವಾಗಿ ಬರುತ್ತದೆ. ಊರಲ್ಲಿ ಇರುವವರು ಇಷ್ಟು, ‘ದುಡಿಯಾಕ ಹೋದವರು’ ಇಷ್ಟು. ಹೋದವರು ಮಂಗಳೂರಿನಲ್ಲಿ ಸೆಂಟ್ರಿಂಗ್ ಕೆಲಸದಲ್ಲಿರಬಹುದು, ಉಡುಪಿ, ಮಣಿಪಾಲದ ಕಡೆ ಗೌಂಡಿಯ ಕೈಕೆಳಗಿರಬಹುದು, ಗೋವಾದ ವಾಸ್ಕೋದಲ್ಲೋ ಮಾಪುಸಾದಲ್ಲೋ ನೆಲೆ ನಿಂತಿರಬಹುದು, ಕಬ್ಬಿನ ಹಂಗಾಮಿಗೆ ಮಹಾರಾಷ್ಟ್ರ ಸೇರಿರಬಹುದು. ನೀವು ಈ ವರ್ಷ ಮೊದಲ ಸಲ ಹಾಗೆ ಹೊರಡುವವರಿರಬಹುದು. ಇಲ್ಲವೇ ಮಗನನ್ನೋ ತಂಗಿಯನ್ನೋ ಕಳಿಸಿಕೊಡುವವರಿರಬಹುದು. ಈ ಪಾಠ ನಿಮಗಾಗಿ. ಇದನ್ನು ಓದಲು ಕಾನೂನು ತಿಳಿದಿರಬೇಕಾಗಿಲ್ಲ. ಹೊಸ ಮಾತು ಬಂದಲ್ಲೆಲ್ಲ ಬಿಡಿಸಿ ಹೇಳುತ್ತೇನೆ.

ನಾನು ಮೇಷ್ಟ್ರು. ದೀಪಾವಳಿ ಕಳೆಯುತ್ತಿದ್ದಂತೆ ತರಗತಿಯ ಹಿಂದಿನ ಸಾಲುಗಳು ಖಾಲಿಯಾಗುವುದನ್ನೂ, ಹಾಜರಿ ಪುಸ್ತಕದಲ್ಲಿ ಕೆಲವು ಹೆಸರುಗಳ ಮುಂದೆ ಉಗಾದಿಯವರೆಗೂ ಗೈರುಹಾಜರಿಯ ಗುರುತು ಬೀಳುವುದನ್ನೂ ಕಂಡವನು. ಆ ಮಕ್ಕಳು ಎಲ್ಲಿ ಹೋದರು, ಯಾರ ಜೊತೆ ಹೋದರು, ಯಾವ ಶೆಡ್ಡಿನಲ್ಲಿ ಮಲಗುತ್ತಾರೆ ಎಂದು ವಿಚಾರಿಸುತ್ತಾ ಹೋದಾಗ ಈ ವಿಷಯ ನನ್ನನ್ನು ಹಿಡಿದುಕೊಂಡಿತು. ಈಗ ಯಾರು ಕೇಳಿದರೂ ಸರಿ, ಕೂತು ಹೇಳಿಕೊಡುವುದೆಂದರೆ ನನಗೆ ಬಹಳ ಇಷ್ಟ.

ಮೊದಲು ಜನ ಏಕೆ ಹೋಗುತ್ತಾರೆ ಎಂಬುದನ್ನು ನೋಡೋಣ. ನಮ್ಮ ಜಿಲ್ಲೆಯ ಮಳೆ ವರ್ಷಕ್ಕೆ 600 ಮಿಲಿಮೀಟರ್ ಕೂಡ ಮುಟ್ಟುವುದಿಲ್ಲ. ಹುನಗುಂದದ ಎರೆ ಹೊಲ ಹಿಂಗಾರಿಯ ಒಂದು ಬೆಳೆ ಕೊಟ್ಟು ಸುಮ್ಮನಾಗುತ್ತದೆ. ಬಾದಾಮಿಯ ಗುಡ್ಡದ ಅಂಚಿನ ಮಣ್ಣು ತೆಳು. ಆಲಮಟ್ಟಿ ಅಣೆಕಟ್ಟಿನ ಹಿನ್ನೀರು ಹಳೆ ಬಾಗಲಕೋಟೆಯ ಬಹುಭಾಗವನ್ನೂ ಕೃಷ್ಣೆ, ಘಟಪ್ರಭೆಯ ದಂಡೆಯ ಅನೇಕ ಹಳ್ಳಿಗಳ ಹೊಲಗಳನ್ನೂ ನುಂಗಿತು. ಇಳಕಲ್ಲಿನ ಸೀರೆ, ಗುಳೇದಗುಡ್ಡದ ಖಣ ನೇಯುತ್ತಿದ್ದ ಎಷ್ಟೋ ಮನೆಗಳಲ್ಲಿ ಕೈಮಗ್ಗದ ಕೂಲಿ ಹೊಟ್ಟೆಗೆ ಸಾಲದೆ ಮಕ್ಕಳು ಬೇರೆ ದಾರಿ ಹಿಡಿದರು. ಕರಾವಳಿಯಲ್ಲಿ ಕಟ್ಟಡ ಏಳುತ್ತಲೇ ಇವೆ, ಕೈಗಳು ಬೇಕು. ಹೀಗೆ ಹೋಗುವುದರಲ್ಲಿ ತಲೆ ತಗ್ಗಿಸುವಂಥದ್ದು ಏನೂ ಇಲ್ಲ. ಇದನ್ನು ಮೊದಲೇ ಹೇಳುವುದಕ್ಕೆ ಕಾರಣವಿದೆ. ನಾಚಿಕೆಯಿಂದ ಯಾರಿಗೂ ಹೇಳದೆ ಹೋದವರೇ ಹೆಚ್ಚು ತೊಂದರೆಗೆ ಸಿಲುಕುತ್ತಾರೆ.

ದೂರದ ಊರಿನಲ್ಲಿ ದುಡಿಯುವವರ ಮೇಲೆ ಅಪರಾಧ ಏಕೆ ಸುಲಭವಾಗಿ ನಡೆಯುತ್ತದೆ? ನನ್ನ ತಿಳಿವಳಿಕೆಯಲ್ಲಿ ಇದರ ಬೇರು ಒಂದೇ. ಅವರು ಯಾರ ಲೆಕ್ಕದಲ್ಲೂ ಇರುವುದಿಲ್ಲ. ಊರಿನ ಪಂಚಾಯಿತಿಗೆ ಅವರು ಎಲ್ಲಿದ್ದಾರೆಂದು ಗೊತ್ತಿಲ್ಲ. ದುಡಿಯುವ ಊರಿನ ಠಾಣೆಗೆ ಅವರು ಬಂದಿದ್ದಾರೆಂದು ಗೊತ್ತಿಲ್ಲ. ಕಟ್ಟಡದ ಮಾಲೀಕನಿಗೆ ಅವರ ಹೆಸರೇ ಗೊತ್ತಿಲ್ಲ. ಕೆಟ್ಟ ಬುದ್ಧಿಯವನು ಇಂಥವರನ್ನೇ ಹುಡುಕುತ್ತಾನೆ, ಏಕೆಂದರೆ ಕೇಳುವವರು ಇರುವುದಿಲ್ಲ. ಮುಂದೆ ನಾನು ಹೇಳುವುದೆಲ್ಲ ಈ ಒಂದು ಮಾತಿನ ವಿಸ್ತಾರ: ನಿಮ್ಮ ಹೆಸರು, ನಿಮ್ಮ ಜಾಗ, ನಿಮ್ಮ ದುಡಿಮೆ, ಈ ಮೂರೂ ಎಲ್ಲಾದರೂ ಬರಹದಲ್ಲಿ ಇರಬೇಕು.

ಇದು ನಮ್ಮ ಜನಕ್ಕಷ್ಟೇ ಅಂಟಿದ ಕಷ್ಟವಲ್ಲ. ಇಂಗ್ಲೆಂಡಿನ ವಾಯವ್ಯ ಕರಾವಳಿಯಲ್ಲಿ ಮೋರ್‌ಕಂಬ್ ಎಂಬ ಕೊಲ್ಲಿಯಿದೆ. 2004ರ ಫೆಬ್ರುವರಿ 5ರ ಸಂಜೆ ಚೀನಾದಿಂದ ಬಂದ ಕೂಲಿಕಾರರು ಅಲ್ಲಿ ಇಳಿತದ ಹೊತ್ತಿನ ಮರಳಿನ ಮೇಲೆ ಕತ್ತಲಾದರೂ ಚಿಪ್ಪುಮೀನು ಆಯುತ್ತಿದ್ದರು. ಅವರನ್ನು ಕೆಲಸಕ್ಕೆ ಹಚ್ಚಿದ್ದವನು ಅವರದೇ ದೇಶದ ಒಬ್ಬ ಮೇಸ್ತ್ರಿ. ಆ ಕಡಲಿನ ಭರತ ಎಷ್ಟು ವೇಗವಾಗಿ ಏರುತ್ತದೆಂದು ಅವರಿಗೆ ಯಾರೂ ಹೇಳಿರಲಿಲ್ಲ. ನೀರು ಸುತ್ತುವರಿದಾಗ ಒಬ್ಬನು ತುರ್ತು ಸಂಖ್ಯೆಗೆ ಫೋನು ಹಚ್ಚಿದ. ಅವನಿಗೆ ಬರುತ್ತಿದ್ದ ಇಂಗ್ಲಿಷು ಒಂದೆರಡು ಮಾತು. ನೀರು ಮೇಲೇರುತ್ತಿದೆ ಎಂದು ಹೇಗೋ ತಿಳಿಸಿದ, ಎಲ್ಲಿದ್ದೇವೆ ಎಂದು ಹೇಳಲಾಗಲಿಲ್ಲ. ಆ ರಾತ್ರಿ ಕನಿಷ್ಠ 21 ಮಂದಿ ಸತ್ತರು. ಅವರಲ್ಲಿ ಬಹುಪಾಲು ಜನ ಫೂಜಿಯಾನ್ ಪ್ರಾಂತದವರು, ಊರಲ್ಲಿ ಸಾಲ ಮಾಡಿಕೊಂಡು ಹೋದವರು. ಅದೇ ವರ್ಷ ಬ್ರಿಟನ್, ಬೇಸಾಯ ಮತ್ತು ಚಿಪ್ಪುಮೀನಿನ ಕೆಲಸಕ್ಕೆ ಕೂಲಿಕಾರರನ್ನು ಒದಗಿಸುವವರು ಲೈಸೆನ್ಸ್ ಪಡೆಯಲೇಬೇಕೆಂದು ಕಾನೂನು ಮಾಡಿತು. 2006ರಲ್ಲಿ ಆ ಮೇಸ್ತ್ರಿಗೆ ಜೈಲು ಶಿಕ್ಷೆಯಾಯಿತು.

ಈ ಘಟನೆಯಲ್ಲಿ ಮೂರು ವಿಷಯಗಳನ್ನು ಗಮನಿಸಿ: ಊರಿನ ಸಾಲ, ಸ್ವಂತ ಭಾಷೆಯ ಮೇಸ್ತ್ರಿ, ತಾನಿರುವ ಜಾಗ ಹೇಳಲಾಗದ ಕೂಲಿಕಾರ. ಇವು ನಮ್ಮಲ್ಲೂ ಇವೆ. ಒಂದೊಂದಾಗಿ ತೆಗೆದುಕೊಳ್ಳೋಣ.

ಸಾಲದಿಂದ ಶುರು ಮಾಡುತ್ತೇನೆ. ಹೊರಡುವ ಮುಂಚೆ ಮೇಸ್ತ್ರಿ ಕೈಗೆ ಕೊಡುವ ದುಡ್ಡಿಗೆ ಮುಂಗಡ ಅಥವಾ ಅಡ್ವಾನ್ಸ್ ಎನ್ನುತ್ತಾರೆ. ಅದು ಮದುವೆಗೋ ಆಸ್ಪತ್ರೆಗೋ ಬೀಜಕ್ಕೋ ಖರ್ಚಾಗಿ ಹೋಗುತ್ತದೆ. ಅಲ್ಲಿ ಹೋದ ಮೇಲೆ ವಾರಕ್ಕೊಮ್ಮೆ ಊಟ, ಕಿರಾಣಿಗೆಂದು ಕೊಡುವ ಸಣ್ಣ ಮೊತ್ತಕ್ಕೆ ಖರ್ಚಿ ಎನ್ನುತ್ತಾರೆ. ಕೂಲಿಯಲ್ಲಿ ಖರ್ಚಿ ಕಳೆದು ಉಳಿದದ್ದು ಮುಂಗಡಕ್ಕೆ ಜಮಾ ಆಗಬೇಕು. ಒಂದು ಲೆಕ್ಕ ಮಾಡೋಣ, ಪೆನ್ನು ಹಿಡಿದುಕೊಳ್ಳಿ. ಗಂಡ ಹೆಂಡತಿ ಕೂಡಿ 60,000 ರೂಪಾಯಿ ಮುಂಗಡ ತೆಗೆದುಕೊಂಡರು ಎಂದಿಟ್ಟುಕೊಳ್ಳಿ. ಅವನಿಗೆ ದಿನಕ್ಕೆ 600, ಅವಳಿಗೆ 400. (ಅದೇ ಕೆಲಸಕ್ಕೆ ಹೆಣ್ಣಿಗೆ ಕಡಿಮೆ ಕೊಡಬಾರದೆಂದು 1976ರಿಂದಲೂ ಕಾನೂನಿದೆ. ಇಂದಿಗೂ ಹೀಗೇ ಕೊಡುತ್ತಿರುವುದು ಅನ್ಯಾಯ, ಅದನ್ನು ಹೇಳದೆ ಮುಂದೆ ಹೋಗಲಾರೆ.) ತಿಂಗಳಿಗೆ 25 ದಿನ ದುಡಿದರೆ 25,000 ಆಯಿತು. ವಾರಕ್ಕೆ 2,000ದಂತೆ ನಾಲ್ಕು ವಾರದ ಖರ್ಚಿ 8,000. ಉಳಿದದ್ದು 17,000. ಅಂದರೆ ನಾಲ್ಕನೆಯ ತಿಂಗಳು ಮುಗಿಯುವ ಮೊದಲೇ ಮುಂಗಡ ತೀರಿ, ಅಲ್ಲಿಂದ ಮುಂದಿನದೆಲ್ಲ ಕೈಗೆ ಬರಬೇಕು. ಆರು ತಿಂಗಳಾದ ಮೇಲೆ ‘ಇನ್ನೂ ಇಪ್ಪತ್ತು ಸಾವಿರ ಬಾಕಿ ಐತಿ’ ಎಂದು ಮೇಸ್ತ್ರಿ ಹೇಳಿದರೆ, ಆ ಮಾತನ್ನು ಎದುರಿಸಲು ನಿಮ್ಮ ಹತ್ತಿರ ಏನಿದೆ? ನೆನಪು ಸಾಲದು. ಬರೆದಿಟ್ಟ ಲೆಕ್ಕ ಬೇಕು.

ಅದಕ್ಕೇ ನಾನು ಎಲ್ಲರಿಗೂ ಹೇಳುವ ಮೊದಲ ಸಾಮಾನು ಹತ್ತು-ಹದಿನೈದು ರೂಪಾಯಿಯ ಗೆರೆ ನೋಟುಬುಕ್ಕು. ಅದರ ಪುಟವನ್ನು ಹೀಗೆ ಮಾಡಿಕೊಳ್ಳಿ. ಎಡಕ್ಕೆ ತಾರೀಖು. ಅದರ ಪಕ್ಕ ಕೆಲಸದ ಜಾಗ. ಆಮೇಲೆ ಹಾಜರಿ: ಪೂರ್ತಿ ದಿನವಾದರೆ 1, ಅರ್ಧ ದಿನವಾದರೆ ½. ಹೊತ್ತು ಮೀರಿ ದುಡಿದಿದ್ದರೆ ಎಷ್ಟು ತಾಸು ಎಂದು ಪಕ್ಕದಲ್ಲಿ. ಬಲಗಡೆ, ಆ ದಿನ ಖರ್ಚಿ ಬಂದಿದ್ದರೆ ಅದರ ಮೊತ್ತ. ಕೊನೆಯ ಅಂಕಣ ಸಹಿಗೆ. ವಾರದ ಖರ್ಚಿ ಕೊಡುವ ದಿನ ಮೇಸ್ತ್ರಿಯ ಮುಂದೆ ಪುಟ ಹಿಡಿದು, ‘ಅಣ್ಣಾರ, ಇಷ್ಟಕ್ಕೊಂದು ಸಹಿ ಹಾಕ್ರಿ’ ಎಂದು ಸಮಾಧಾನದಿಂದ ಕೇಳಿ. ಹಾಕಿದರೆ ಒಳ್ಳೆಯದು. ಹಾಕದಿದ್ದರೂ ನೀವು ಬರೆಯುವುದನ್ನು ಬಿಡಬೇಡಿ. ಅಂದಿನ ಕೆಲಸಕ್ಕೆ ಅಂದೇ ಬರೆದ ಲೆಕ್ಕಕ್ಕೆ ಅಧಿಕಾರಿಯ ಮುಂದೆ ಬೆಲೆಯಿದೆ. ವಾರಕ್ಕೊಮ್ಮೆ ಆ ಪುಟದ ಫೋಟೊ ತೆಗೆದು ಊರಿನಲ್ಲಿರುವ ಓದು ಬಲ್ಲವರಿಗೆ ವಾಟ್ಸ್‌ಆ್ಯಪ್ ಮಾಡಿ. ಪುಸ್ತಕ ಮಳೆಯಲ್ಲಿ ನೆಂದರೂ, ಶೆಡ್ಡಿನಿಂದ ಕಳೆದುಹೋದರೂ ಲೆಕ್ಕ ಉಳಿಯುತ್ತದೆ. ಬರೆಯಲು ಬಾರದವರು ಜೊತೆಯಲ್ಲಿರುವ ಹುಡುಗ-ಹುಡುಗಿಯರಿಂದ ಬರೆಸಲಿ. ಏಳನೇ ಇಯತ್ತೆ ಓದಿದ ಮಗು ಇದನ್ನು ಚೆಂದಾಗಿ ಮಾಡುತ್ತದೆ.

ಅದೇ ಪುಸ್ತಕದ ಮೊದಲ ಪುಟದಲ್ಲಿ ಇನ್ನೊಂದು ಕೆಲಸವಿದೆ. ನಿಮ್ಮನ್ನು ಕರೆದೊಯ್ಯುವ ಮೇಸ್ತ್ರಿಯ ಪೂರ್ತಿ ಹೆಸರು, ಅವನ ಊರು, ಫೋನ್ ನಂಬರು. ಅವನಿಗೆ ಕೆಲಸ ಕೊಟ್ಟ ಗುತ್ತಿಗೆದಾರನ ಹೆಸರು. ಆ ಗುತ್ತಿಗೆದಾರನಿಗೆ ಕೆಲಸ ಒಪ್ಪಿಸಿದ ಕಟ್ಟಡದ ಮಾಲೀಕನ ಅಥವಾ ಕಂಪನಿಯ ಹೆಸರು. ಮೊದಲ ದಿನವೇ ಕಟ್ಟಡದ ಮುಂದಿನ ಫಲಕದ ಫೋಟೊ ತೆಗೆದುಕೊಳ್ಳಿ, ಬಹಳಷ್ಟು ಹೆಸರು ಅದರಲ್ಲೇ ಇರುತ್ತದೆ. ಇಳಕಲ್ ಸೀರೆಯಲ್ಲಿ ಮೈಯ ಹಾಸಿನ ಎಳೆಗಳನ್ನೂ ಸೆರಗಿನ ರೇಷ್ಮೆ ಹಾಸಿನ ಎಳೆಗಳನ್ನೂ ಒಂದಕ್ಕೊಂದು ಕುಣಿಕೆ ಹಾಕಿ ಕೂಡಿಸುತ್ತಾರೆ. ಕುಣಿಕೆ ಬಿಟ್ಟರೆ ಸೆರಗು ಸೀರೆಯದಲ್ಲ. ನಿಮ್ಮಿಂದ ಮಾಲೀಕನವರೆಗಿನ ಈ ಹೆಸರುಗಳೂ ಹಾಗೆಯೇ. ನಡುವಿನ ಒಂದು ಹೆಸರು ಗೊತ್ತಿಲ್ಲದಿದ್ದರೆ ನಿಮ್ಮ ದುಡಿಮೆ ಆ ಕಟ್ಟಡಕ್ಕೆ ಸೇರಿದ್ದೆಂದು ತೋರಿಸುವುದು ಕಷ್ಟವಾಗುತ್ತದೆ. ತೋರಿಸಿದರೆ ಲಾಭ ದೊಡ್ಡದು. ಗುತ್ತಿಗೆದಾರ ಕೂಲಿ ಕೊಡದೆ ಓಡಿಹೋದರೆ ಅದನ್ನು ಮುಖ್ಯ ಮಾಲೀಕನೇ ಕೊಡಬೇಕು ಎಂದು 1970ರ ಗುತ್ತಿಗೆ ಕಾರ್ಮಿಕ ಕಾಯ್ದೆ ಹೇಳಿತ್ತು. 2025ರ ನವೆಂಬರ್ 21ರಂದು ನಾಲ್ಕು ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದ ಮೇಲೂ ಆ ನಿಯಮ ಉಳಿದಿದೆ. ಸಂಹಿತೆ ಎಂದರೆ ಹಳೆಯ ಹಲವು ಕಾಯ್ದೆಗಳನ್ನು ಒಂದೆಡೆ ಕೂಡಿಸಿದ ಕಾನೂನು.

ಮುಂಗಡ ತೀರುವವರೆಗೂ ಊರಿಗೆ ಬಿಡುವುದಿಲ್ಲ ಎಂದು ಯಾರಾದರೂ ತಡೆದರೆ, ಆಧಾರ್ ಕಾರ್ಡು, ಮೊಬೈಲು ಕಿತ್ತಿಟ್ಟುಕೊಂಡರೆ, ಮಗುವನ್ನು ಒತ್ತೆ ಇಟ್ಟುಕೊಂಡಂತೆ ನಡೆದರೆ, ಅದಕ್ಕೆ ಜೀತ ಎನ್ನುತ್ತಾರೆ. ಸಾಲದ ನೆಪದಲ್ಲಿ ಒಬ್ಬರ ದುಡಿಮೆಯನ್ನೂ ಓಡಾಟವನ್ನೂ ಕಟ್ಟಿಹಾಕುವುದೇ ಜೀತ, ಕೊರಳಿಗೆ ಸರಪಳಿ ಬೇಕಾಗಿಲ್ಲ. 1976ರ ಜೀತ ಪದ್ಧತಿ ನಿರ್ಮೂಲನ ಕಾಯ್ದೆಯ ಪ್ರಕಾರ ಅಂಥ ಸಾಲ ಅಲ್ಲಿಗೇ ರದ್ದು. ಜಿಲ್ಲಾಧಿಕಾರಿಯವರಿಗೋ ಉಪವಿಭಾಗಾಧಿಕಾರಿಯವರಿಗೋ ದೂರು ಕೊಟ್ಟರೆ ವಿಚಾರಣೆ ಮಾಡಿ ಬಿಡುಗಡೆ ಪತ್ರ ಕೊಡುತ್ತಾರೆ. ಇನ್ನೊಂದು ಮಾತೂ ತಿಳಿದಿರಲಿ. 1982ರ ಏಷ್ಯನ್ ಕ್ರೀಡಾಕೂಟಕ್ಕಾಗಿ ದಿಲ್ಲಿಯಲ್ಲಿ ಕಟ್ಟಡ ಕಟ್ಟುತ್ತಿದ್ದ ಕೂಲಿಕಾರರ ಪ್ರಕರಣದಲ್ಲಿ, ಸರ್ಕಾರ ಗೊತ್ತುಮಾಡಿದ ಕನಿಷ್ಠ ಕೂಲಿಗಿಂತ ಕಡಿಮೆಗೆ ದುಡಿಸುವುದು ಸಂವಿಧಾನದ 23ನೇ ವಿಧಿ ನಿಷೇಧಿಸಿದ ಬಲವಂತದ ದುಡಿಮೆ ಎಂದು ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿತು. ಹಸಿವೂ ಒಂದು ಬಲವಂತವೇ ಎಂದು ಒಪ್ಪಿಕೊಂಡ ತೀರ್ಪು ಅದು. ನನಗೆ ಅದರ ಮೇಲೆ ಬಹಳ ಗೌರವ.

ಇನ್ನು ಸ್ವಂತ ಭಾಷೆಯ ಮೇಸ್ತ್ರಿ. ನಮ್ಮೂರವನು, ನಮ್ಮ ತಾಂಡೆಯವನು, ನಮ್ಮ ಬಳಗದವನು ಎಂಬ ನಂಬಿಕೆಯಿಂದಲೇ ಜನ ಬಸ್ಸು ಹತ್ತುತ್ತಾರೆ. ಬಹಳಷ್ಟು ಮೇಸ್ತ್ರಿಗಳು ಆ ನಂಬಿಕೆ ಉಳಿಸಿಕೊಂಡವರೇ. ಮಾಲೀಕ ಕೊಡದಿದ್ದಾಗ ತಮ್ಮ ಕೈಯಿಂದ ಕೂಲಿ ಹಂಚಿದವರೂ ಇದ್ದಾರೆ. ಆದರೂ ಲೆಕ್ಕ ಬರೆಯುವುದು ಅವಮಾನವೆಂದು ನೀವು ಸಂಕೋಚಪಡಬೇಡಿ, ಒಳ್ಳೆಯ ಮೇಸ್ತ್ರಿಗೂ ಆ ಬರಹವೇ ರಕ್ಷಣೆ. ಹಿಂದೆ 1979ರ ಅಂತರರಾಜ್ಯ ವಲಸೆ ಕಾರ್ಮಿಕರ ಕಾಯ್ದೆಯು ಬೇರೆ ರಾಜ್ಯಕ್ಕೆ ಜನರನ್ನು ಕರೆದೊಯ್ಯುವ ಗುತ್ತಿಗೆದಾರನಿಗೆ ಲೈಸೆನ್ಸ್ ಬೇಕೆಂದೂ, ಪ್ರತಿ ಕಾರ್ಮಿಕರಿಗೂ ಫೋಟೊ ಅಂಟಿಸಿದ ಪಾಸ್‌ಪುಸ್ತಕ ಕೊಡಬೇಕೆಂದೂ ಹೇಳಿತ್ತು. ಗೋವಾಕ್ಕೋ ಮಹಾರಾಷ್ಟ್ರಕ್ಕೋ ಹೋದ ನಮ್ಮವರಲ್ಲಿ ಆ ಪಾಸ್‌ಪುಸ್ತಕ ಕಂಡವರನ್ನು ನಾನು ಕಂಡಿಲ್ಲ. ಈಗ ಆ ಕಾಯ್ದೆ 2020ರ ಔದ್ಯೋಗಿಕ ಸುರಕ್ಷತಾ ಸಂಹಿತೆಯಲ್ಲಿ ಸೇರಿದೆ, ಜೊತೆಗೆ ನೇಮಕಾತಿ ಪತ್ರ ಕೊಡಬೇಕೆಂಬ ನಿಯಮವೂ ಬಂದಿದೆ. ಆ ಪತ್ರ ಕೇಳಿ ಪಡೆಯಿರಿ. ಮಂಗಳೂರು, ಉಡುಪಿ, ಬೆಂಗಳೂರಿಗೆ ಹೋಗುವವರು ರಾಜ್ಯದೊಳಗೇ ಇರುವುದರಿಂದ ಅಂತರರಾಜ್ಯ ನಿಯಮ ಅವರಿಗೆ ಅನ್ವಯಿಸುವುದಿಲ್ಲ. ಕನಿಷ್ಠ ಕೂಲಿ, ಅಪಘಾತ ಪರಿಹಾರದಂಥ ಉಳಿದ ಹಕ್ಕುಗಳು ಎಲ್ಲರಿಗೂ ಒಂದೇ. ಕರ್ನಾಟಕದೊಳಗೆ ಕೂಲಿ ಬಾಕಿಯಾದರೆ ಕಾರ್ಮಿಕ ಇಲಾಖೆಯ ಸಹಾಯವಾಣಿ 155214.

ಮೂರನೆಯದು, ಜಾಗ ಹೇಳುವುದು. ಇದು ಎಲ್ಲಕ್ಕಿಂತ ಸುಲಭ, ಎಲ್ಲರೂ ಮರೆಯುವುದೂ ಇದನ್ನೇ. 112 ಎಂಬುದು ಇಡೀ ದೇಶಕ್ಕೆ ಒಂದೇ ತುರ್ತು ಸಂಖ್ಯೆ. ಪೊಲೀಸರು, ಬೆಂಕಿ, ಆಂಬುಲೆನ್ಸ್ ಮೂರಕ್ಕೂ ಅದೇ. ನೀವು ಫೋನು ಹಚ್ಚಿದ ಕೂಡಲೇ ಆ ಕಡೆಯವರು ‘ಎಲ್ಲಿದ್ದೀರಿ’ ಎಂದು ಕೇಳುತ್ತಾರೆ. ‘ಮೇಸ್ತ್ರಿ ಶೆಡ್ಡಿನಾಗ’ ಎಂದರೆ ಯಾರಿಗೂ ತಿಳಿಯದು. ಹೊಸ ಜಾಗಕ್ಕೆ ಹೋದ ಮೊದಲ ಸಂಜೆ ಹತ್ತಿರದ ಅಂಗಡಿಯವರನ್ನು ಕೇಳಿ ನಾಲ್ಕು ಮಾತು ಬಾಯಿಪಾಠ ಮಾಡಿ: ಬಡಾವಣೆಯ ಹೆಸರು, ಹತ್ತಿರದ ಗುಡಿ, ಚರ್ಚು ಅಥವಾ ಶಾಲೆ, ಬಸ್ಸು ನಿಲ್ಲುವ ಸ್ಟಾಪು, ಪೊಲೀಸ್ ಠಾಣೆಯ ಹೆಸರು. ಗೋವಾದಲ್ಲಿದ್ದರೆ ಅದನ್ನೇ ಹಿಂದಿಯಲ್ಲೋ ಕೊಂಕಣಿಯಲ್ಲೋ ಹೇಳಲು ಕಲಿಯಿರಿ. ಹೆಂಗಸರೂ ಮಕ್ಕಳೂ ಇದನ್ನು ಕಲಿಯಬೇಕು. ಗಂಡಸರು ಕೆಲಸಕ್ಕೆ ಹೋದ ಮೇಲೆ ಶೆಡ್ಡಿನಲ್ಲಿ ಇರುವವರು ಅವರೇ ಅಲ್ಲವೇ. ಫೋನಿನಲ್ಲಿ ನಿಮ್ಮ ಜಾಗದ ಗುರುತನ್ನು ವಾಟ್ಸ್‌ಆ್ಯಪ್ ಮೂಲಕ ಊರಿಗೆ ಒಮ್ಮೆ ಕಳಿಸಿಡುವುದು ಇನ್ನೂ ಒಳ್ಳೆಯದು. ಜಾಗ ಬದಲಾದಾಗಲೆಲ್ಲ ಮತ್ತೆ ಕಳಿಸಿ.

ವಿಳಾಸ ಗಟ್ಟಿಯಿಲ್ಲದ ಬದುಕು ಎಷ್ಟು ಅಳ್ಳಕ ಎಂಬುದನ್ನು ವಾಸ್ಕೋದ ಬೈನಾ ಕಡಲದಂಡೆಯ ಕನ್ನಡಿಗರು ಬಲ್ಲರು. 2004ರಲ್ಲಿ ಕೋರ್ಟಿನ ಆದೇಶದ ಮೇಲೆ ಅಲ್ಲಿ ಮನೆಗಳನ್ನು ಕೆಡವಿದರು. ಮುಂದಿನ ವರ್ಷಗಳಲ್ಲೂ ತೆರವು ನಡೆಯಿತು. ಬೀದಿಗೆ ಬಂದವರಲ್ಲಿ ಉತ್ತರ ಕರ್ನಾಟಕದವರು ಬಹಳ. ಗೋವಾದಲ್ಲಿ ಬಾಡಿಗೆ ಕೊಡುವವರು ಬಾಡಿಗೆದಾರರ ವಿವರವನ್ನು ಠಾಣೆಗೆ ಒಪ್ಪಿಸಬೇಕೆಂಬ ಕಾನೂನೂ 2024ರಲ್ಲಿ ಬಂದಿದೆ. ಹೊರಗಿನವರನ್ನು ಅನುಮಾನದಿಂದ ನೋಡುವ ಕಾನೂನು ಇದು ಎಂದು ಹಲವರಿಗೆ ಬೇಸರವಿದೆ, ಆ ಬೇಸರ ನನಗೆ ಅರ್ಥವಾಗುತ್ತದೆ. ಆದರೂ ಠಾಣೆಗೆ ವಿವರ ಒಪ್ಪಿಸುವ ಅರ್ಜಿಯನ್ನು ತುಂಬಿಸಿ ಅದರ ಪ್ರತಿ ಇಟ್ಟುಕೊಳ್ಳಿ. ಅನುಮಾನ ಬಂದ ದಿನ ನಿಮ್ಮ ಪರವಾಗಿ ಮಾತಾಡುವುದು ಅದೇ ಕಾಗದ.

ದುಡಿಯುವ ಜಾಗದ ಅಕ್ಕಪಕ್ಕ ಕಳ್ಳತನವಾದರೆ ಮೊದಲು ಕಣ್ಣು ಬೀಳುವುದು ಹೊರಗಿನಿಂದ ಬಂದವರ ಶೆಡ್ಡಿನ ಮೇಲೆ. ಆಗ ಏನು ಮಾಡಬೇಕು? ಓಡಬೇಡಿ. ಪೊಲೀಸರು ಬಂಧಿಸಿದರೆ ಕಾರಣ ಹೇಳಬೇಕು, ನಿಮ್ಮ ಕಡೆಯವರಿಗೆ ತಿಳಿಸಬೇಕು, ಪ್ರಯಾಣದ ಹೊತ್ತು ಬಿಟ್ಟು 24 ತಾಸಿನೊಳಗೆ ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಬೇಕು. ಸಂವಿಧಾನದ 22ನೇ ವಿಧಿಯೂ ನಮ್ಮ ಕ್ರಿಮಿನಲ್ ಕಾನೂನೂ ಸೇರಿ ಕೊಟ್ಟ ಹಕ್ಕು ಇದು. ವಕೀಲರಿಗೆ ಕೊಡಲು ದುಡ್ಡಿಲ್ಲದಿದ್ದರೆ ಕಾನೂನು ಸೇವಾ ಪ್ರಾಧಿಕಾರ ಉಚಿತವಾಗಿ ವಕೀಲರನ್ನು ಕೊಡುತ್ತದೆ. ಹೆಂಗಸರು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಬಂಧನದಲ್ಲಿರುವವರು ಇವರಿಗೆ ಆದಾಯದ ಮಿತಿಯೂ ಇಲ್ಲ. 15100 ಅದರ ದೂರವಾಣಿ.

ನೀವೇ ಅಪರಾಧಕ್ಕೆ ಗುರಿಯಾದರೆ ದೂರು ಕೊಡುವ ಬಗೆ ಇನ್ನೊಂದು. ಪೊಲೀಸರು ಬರೆದುಕೊಳ್ಳುವ ಮೊದಲ ದೂರಿನ ದಾಖಲೆಗೆ ಎಫ್‌ಐಆರ್ ಎನ್ನುತ್ತಾರೆ. ‘ಇದು ನಮ್ಮ ಠಾಣೆಗೆ ಬರುವುದಿಲ್ಲ, ಅಲ್ಲಿಗೆ ಹೋಗಿ’ ಎಂದು ಅಲೆಸುವುದು ಹಿಂದೆ ಸಾಮಾನ್ಯವಾಗಿತ್ತು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಕಲಮಿನ ಪ್ರಕಾರ ಪೊಲೀಸರು ತಾವೇ ಕೈಹಾಕಬಲ್ಲ ಅಪರಾಧ ಎಲ್ಲೇ ನಡೆದಿದ್ದರೂ ಯಾವ ಠಾಣೆಯಲ್ಲಾದರೂ ದೂರು ತೆಗೆದುಕೊಳ್ಳಬೇಕು. ಇದನ್ನೇ ಜೀರೋ ಎಫ್‌ಐಆರ್ ಎನ್ನುವುದು. ಮಡಗಾಂವದಲ್ಲಿ ಏಟು ತಿಂದು ಹೆದರಿ ಬಸ್ಸು ಹತ್ತಿ ಬಂದವರು ಹುನಗುಂದ ಠಾಣೆಯಲ್ಲೇ ದೂರು ಬರೆಸಬಹುದು, ಅದು ಸಂಬಂಧಪಟ್ಟ ಠಾಣೆಗೆ ವರ್ಗವಾಗುತ್ತದೆ. ಅದರ ಪ್ರತಿ ಪುಕ್ಕಟೆ ಕೊಡಬೇಕು, ಕೇಳಿ ತೆಗೆದುಕೊಳ್ಳಿ. ಠಾಣೆಯವರು ದೂರನ್ನೇ ತೆಗೆದುಕೊಳ್ಳದಿದ್ದರೆ ಪೊಲೀಸ್ ವರಿಷ್ಠಾಧಿಕಾರಿಯವರಿಗೆ ಅಂಚೆಯಲ್ಲಿ ಬರೆದು ಕಳಿಸಿ.

ನಗದಿನ ವಿಷಯಕ್ಕೆ ಬರೋಣ. 2016ರ ಆಗಸ್ಟ್‌ನಲ್ಲಿ ಪ್ಯಾರಿಸ್ಸಿನ ಪಕ್ಕದ ಓಬರ್‌ವಿಲಿಯೆ ಎಂಬ ಊರಿನಲ್ಲಿ ಚೀನಾದಿಂದ ಬಂದು ನೆಲೆಸಿದ್ದ ಒಬ್ಬ ದರ್ಜಿಯನ್ನು ಬೀದಿಯಲ್ಲಿ ಹೊಡೆದು ದೋಚಿದರು, ಆತ ಉಳಿಯಲಿಲ್ಲ. ಚೀನೀಯರು ಸದಾ ಕಿಸೆಯಲ್ಲಿ ನಗದು ಇಟ್ಟುಕೊಂಡಿರುತ್ತಾರೆ ಎಂಬ ಗಾಳಿಮಾತು ಅವರ ಮೇಲಿನ ದಾಳಿಗೆ ಕಾರಣವಾಗಿತ್ತೆಂದು ಆ ಸಮುದಾಯದವರು ಸಾವಿರಾರು ಸಂಖ್ಯೆಯಲ್ಲಿ ಬೀದಿಗಿಳಿದರು. ದುಡಿದು ಬರುವವರ ಹತ್ತಿರ ನಗದು ಇರುತ್ತದೆಂಬುದು ನಮ್ಮಲ್ಲಿ ಎಲ್ಲರಿಗೂ ಗೊತ್ತಿರುವ ಸಂಗತಿ. ಉಗಾದಿಯ ಮುಂಚೆ, ಬನಶಂಕರಿ ಜಾತ್ರೆಯ ಮುಂಚೆ ಲೆಕ್ಕ ಚುಕ್ತಾ ಮಾಡಿಸಿಕೊಂಡು ಊರಿಗೆ ಬರುವ ಬಸ್ಸಿನಲ್ಲಿ ಯಾರ ನಡುವಿನಲ್ಲಿ, ಯಾರ ಚೀಲದ ತಳದಲ್ಲಿ ಹಂಗಾಮಿನ ಗಳಿಕೆಯಿದೆ ಎಂದು ಕಳ್ಳನಿಗೆ ಊಹಿಸುವುದು ಕಷ್ಟವೇನಲ್ಲ. ಊರಿನ ಅಂಚೆ ಕಚೇರಿಯ ಇಂಡಿಯಾ ಪೋಸ್ಟ್ ಪೇಮೆಂಟ್ಸ್ ಬ್ಯಾಂಕಿನಲ್ಲಿ ಖಾತೆ ತೆರೆದರೆ, ದುಡಿಯುವ ಊರಿನಿಂದ ಹಾಕಿದ ದುಡ್ಡನ್ನು ಮನೆಯಲ್ಲಿರುವ ಅವ್ವನಿಗೆ ಅಂಚೆಯಣ್ಣನೇ ಬೆರಳಚ್ಚು ಪಡೆದು ಕೊಡುತ್ತಾನೆ. ಪಗಾರ ಖಾತೆಗೆ ಬಂದರೆ ಅದೇ ನಿಮ್ಮ ದುಡಿಮೆಯ ಸಾಕ್ಷಿಯೂ ಆಗುತ್ತದೆ. ಎಟಿಎಂ ಕಾರ್ಡನ್ನೂ ಅದರ ಗುಟ್ಟಿನ ಅಂಕಿಯನ್ನೂ ಮೇಸ್ತ್ರಿಯ ಕೈಗೆ ಕೊಡಬೇಡಿ. ಇನ್ನೂ ಒಂದು ಹೊಸ ಬಲೆ ಇದೆ. ‘ನಿನ್ನ ಖಾತೆ, ಸಿಮ್ಮು ಒಂದು ತಿಂಗಳು ಕೊಡು, ಐದು ಸಾವಿರ ಕೊಡುತ್ತೇನೆ’ ಎನ್ನುವವರು ಬರುತ್ತಾರೆ. ಆನ್‌ಲೈನ್ ವಂಚನೆಯ ದುಡ್ಡು ಆ ಖಾತೆಯ ಮೂಲಕ ಹರಿಯುತ್ತದೆ, ಪೊಲೀಸರು ಖಾತೆ ಯಾರ ಹೆಸರಿನಲ್ಲಿದೆಯೋ ಅವರ ಮನೆಗೇ ಬರುತ್ತಾರೆ. ಎಷ್ಟೇ ಕಷ್ಟವಿದ್ದರೂ ಖಾತೆ ಬಾಡಿಗೆಗೆ ಕೊಡಬೇಡಿ. ಆನ್‌ಲೈನ್ ವಂಚನೆಯಲ್ಲಿ ನಿಮ್ಮ ದುಡ್ಡೇ ಹೋಗಿದ್ದರೆ ತಡಮಾಡದೆ 1930ಕ್ಕೆ ಫೋನು ಮಾಡಿ. ಮೊದಲ ಕೆಲವು ತಾಸುಗಳಲ್ಲಿ ತಿಳಿಸಿದರೆ ತಡೆಯುವ ಸಾಧ್ಯತೆ ಹೆಚ್ಚು.

ಹೆಣ್ಣುಮಕ್ಕಳ ಮತ್ತು ಕೂಸುಗಳ ವಿಷಯಕ್ಕೆ ಬೇರೆಯೇ ಒಂದು ಪಾಠ ಬೇಕು, ಇಲ್ಲಿ ಅಗತ್ಯವಾದಷ್ಟು ಹೇಳುತ್ತೇನೆ. ತಗಡಿನ ಶೆಡ್ಡಿಗೆ ಒಳಗಿನಿಂದ ಚಿಲಕ ಇದೆಯೇ, ಪಾಯಖಾನೆ ಎಷ್ಟು ದೂರ, ದಾರಿಯಲ್ಲಿ ದೀಪ ಇದೆಯೇ ಎಂಬ ಮೂರು ಪ್ರಶ್ನೆಗಳನ್ನು ಹೋಗುವ ಮುಂಚೆಯೇ ಮೇಸ್ತ್ರಿಯನ್ನು ಕೇಳಿ. ಕೇಳುವುದು ಗಂಡಸರ ಕೆಲಸವೂ ಹೌದು. ಕೆಲಸದ ಜಾಗದಲ್ಲಿ ಲೈಂಗಿಕ ಕಿರುಕುಳ ತಡೆಯುವ 2013ರ ಕಾಯ್ದೆ ಕೂಲಿ ಮಾಡುವ ಹೆಂಗಸರಿಗೂ ಅನ್ವಯಿಸುತ್ತದೆ. ಹತ್ತಕ್ಕಿಂತ ಕಡಿಮೆ ಜನ ದುಡಿಯುವ ಕಡೆ, ಅಥವಾ ಮಾಲೀಕನ ಮೇಲೇ ದೂರಿದ್ದರೆ, ಜಿಲ್ಲೆಯ ಸ್ಥಳೀಯ ಸಮಿತಿಗೆ ದೂರು ಕೊಡಬಹುದು. ಸಹಾಯವಾಣಿ 181. ಮಕ್ಕಳಿಗೆ 1098. ಕಟ್ಟಡದ ಜಾಗದಲ್ಲಿ ಕೂಸುಗಳಿಗೆ ದೊಡ್ಡ ಅಪಾಯ ಮುಚ್ಚಳವಿಲ್ಲದ ನೀರಿನ ತೊಟ್ಟಿ. ಅದರ ಮೇಲೆ ಹಲಗೆ ಹಾಕಿಸುವವರೆಗೆ ಮಗುವನ್ನು ಕೆಳಗೆ ಬಿಡಬೇಡಿ. ಸಾಧ್ಯವಿದ್ದರೆ ಓದುವ ಮಕ್ಕಳನ್ನು ಅಜ್ಜ-ಅಜ್ಜಿಯ ಹತ್ತಿರವೋ ಹಾಸ್ಟೆಲ್ಲಿನಲ್ಲೋ ಉಳಿಸಿ, ಈ ಮಾತನ್ನು ಮೇಷ್ಟ್ರಾಗಿ ಕೈಮುಗಿದು ಕೇಳುತ್ತೇನೆ.

ಅಪಘಾತವಾದಾಗ ಗೊಂದಲದಲ್ಲಿ ತಪ್ಪುವ ಕಾಗದಗಳು ಮುಂದೆ ಸಿಗುವುದಿಲ್ಲ. ಮಣ್ಣು ಕುಸಿದು, ಸಾರುವೆಯಿಂದ ಬಿದ್ದು, ಕರೆಂಟು ಹೊಡೆದು ಯಾರಿಗಾದರೂ ಏನಾದರೂ ಆದರೆ ಆಸ್ಪತ್ರೆಯಲ್ಲಿ ‘ಕೆಲಸ ಮಾಡುವಾಗ ಆಯಿತು’ ಎಂದೇ ಬರೆಸಿ. ಮನೆಯಲ್ಲಿ ಜಾರಿ ಬಿದ್ದೆ ಎಂದು ಬರೆಸಲು ಯಾರು ಹೇಳಿದರೂ ಒಪ್ಪಬೇಡಿ. ಸಾವಾಗಿದ್ದರೆ ಮರಣೋತ್ತರ ಪರೀಕ್ಷೆಯ ವರದಿ, ಎಫ್‌ಐಆರ್ ಪ್ರತಿ ಇಲ್ಲದೆ ಊರಿಗೆ ಹೊರಡಬೇಡಿ. ನಿರ್ಲಕ್ಷ್ಯದಿಂದ ಸಾವಿಗೆ ಕಾರಣವಾಗುವುದು ಅಪರಾಧ. ಆಸ್ಪತ್ರೆಯ ಪಡಸಾಲೆಯಲ್ಲಿ ಕೈಗೆ ಸ್ವಲ್ಪ ದುಡ್ಡಿಟ್ಟು ಹಾಳೆಯ ಮೇಲೆ ಹೆಬ್ಬೆಟ್ಟು ಒತ್ತಿಸಿಕೊಳ್ಳುವವರು ಇದ್ದಾರೆ, ಓದದ ಹಾಳೆಗೆ ಒತ್ತಬೇಡಿ. 1923ರಿಂದಲೂ ಇರುವ ಪರಿಹಾರದ ಹಕ್ಕು ಈಗ ಸಾಮಾಜಿಕ ಭದ್ರತಾ ಸಂಹಿತೆಯಲ್ಲಿದೆ. ಅದರ ಮೊತ್ತವನ್ನು ವಯಸ್ಸು ಮತ್ತು ಕೂಲಿಯ ಮೇಲೆ ಲೆಕ್ಕ ಹಾಕುತ್ತಾರೆ. ಕೂಲಿ ಎಷ್ಟೆಂದು ತೋರಿಸಲು ಮತ್ತೆ ಅದೇ ನೋಟುಬುಕ್ಕು ಬೇಕು. ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಯಲ್ಲಿ ಹೆಸರು ಬರೆಸಿದವರಿಗೆ ಬೇರೆ ನೆರವೂ ಇದೆ. 18ರಿಂದ 60 ವಯಸ್ಸಿನೊಳಗಿದ್ದು, ಹಿಂದಿನ 12 ತಿಂಗಳಲ್ಲಿ 90 ದಿನ ಕಟ್ಟಡ ಕೆಲಸ ಮಾಡಿದ್ದರೆ ನೋಂದಣಿಯಾಗುತ್ತದೆ. 2021ರಲ್ಲಿ ಶುರುವಾದ ಇ-ಶ್ರಮ್‌ನ 12 ಅಂಕಿಯ ಕಾರ್ಡನ್ನೂ ಮಾಡಿಸಿ. ಅದು ರಾಜ್ಯ ದಾಟಿದರೂ ನಿಮ್ಮ ಹೆಸರನ್ನು ಕಾರ್ಮಿಕರ ಲೆಕ್ಕದಲ್ಲಿ ಉಳಿಸುತ್ತದೆ.

ದೇಶ ಬಿಟ್ಟು ಹೋಗುವವರಿಗೆ ಸ್ವಲ್ಪದರಲ್ಲಿ ಹೇಳುತ್ತೇನೆ. ಹತ್ತನೇ ತರಗತಿ ಪಾಸಾಗದವರ ಪಾಸ್‌ಪೋರ್ಟಿನ ಮೇಲೆ ಇಸಿಆರ್ ಎಂಬ ಗುರುತಿರುತ್ತದೆ. ಅಂಥವರು ಕೊಲ್ಲಿಯ ದೇಶಗಳೂ ಸೇರಿ 18 ದೇಶಗಳಿಗೆ ಕೆಲಸಕ್ಕೆ ಹೋಗಲು ಸರ್ಕಾರದ ಅನುಮತಿ ಬೇಕು. ಕಿರಿಕಿರಿ ಅನಿಸಬಹುದು, ಆದರೆ ನಿಮ್ಮ ಕರಾರು ಪತ್ರ ಸರ್ಕಾರದ ಕಣ್ಣಿಗೆ ಬೀಳುವುದು ಅಲ್ಲಿಯೇ. ಜೊತೆಗೆ ಹತ್ತು ಲಕ್ಷ ರೂಪಾಯಿಯ ವಿಮೆಯೂ ಸಿಗುತ್ತದೆ. ಅದನ್ನು ತಪ್ಪಿಸಿ, ಪ್ರವಾಸದ ವೀಸಾದಲ್ಲಿ ಹೋಗು, ಅಲ್ಲಿ ಬದಲಾಯಿಸಿಕೊಡುತ್ತೇವೆ ಎನ್ನುವ ಏಜೆಂಟನನ್ನು ನಂಬಬೇಡಿ. ನೋಂದಾಯಿತ ಏಜೆಂಟರ ಹೆಸರುಗಳು ವಿದೇಶಾಂಗ ಸಚಿವಾಲಯದ ಇ-ಮೈಗ್ರೇಟ್ ತಾಣದಲ್ಲಿವೆ. ಅವರು ಕಾರ್ಮಿಕರಿಂದ ತೆಗೆದುಕೊಳ್ಳಬಹುದಾದ ಸೇವಾ ಶುಲ್ಕ 30,000 ರೂಪಾಯಿ ಮತ್ತು ಅದರ ಜಿಎಸ್‌ಟಿ, ಅದಕ್ಕಿಂತ ಹೆಚ್ಚಲ್ಲ. ಕಲಬುರಗಿ ಜಿಲ್ಲೆಯ ಯುವಕರು ಸೆಕ್ಯುರಿಟಿ ಕೆಲಸವೆಂದು ನಂಬಿ ರಷ್ಯಾಕ್ಕೆ ಹೋಗಿ, ಯುದ್ಧದ ನಡುವೆ ಸಿಲುಕಿ, 2024ರಲ್ಲಿ ಮನೆ ಸೇರಿದರು. ಕಾಂಬೋಡಿಯ, ಮ್ಯಾನ್ಮಾರ್‌ಗಳಲ್ಲಿ ಕಂಪ್ಯೂಟರ್ ಕೆಲಸವೆಂದು ಕರೆಸಿ, ಬೇಲಿಯೊಳಗೆ ಕೂಡಿಹಾಕಿ, ಫೋನಿನಲ್ಲಿ ಜನರನ್ನು ವಂಚಿಸುವ ಕೆಲಸಕ್ಕೆ ಹಚ್ಚುವ ಜಾಲಗಳಿವೆ. ಅವುಗಳಲ್ಲಿ ಸಿಲುಕಿದವರಲ್ಲಿ ಚೀನೀಯರೂ ಇದ್ದಾರೆ, ಭಾರತೀಯರೂ ಇದ್ದಾರೆ.

ಇಲ್ಲಿಯವರೆಗೆ ಹೇಳಿದ್ದು ನೀವೊಬ್ಬರೇ ಮಾಡಬಹುದಾದದ್ದು. ಊರು ಕೂಡಿ ಮಾಡಬೇಕಾದದ್ದೂ ಒಂದಿದೆ. 2020ರ ಲಾಕ್‌ಡೌನಿನಲ್ಲಿ ಗೋವಾ, ಮಂಗಳೂರು, ಉಡುಪಿಗಳಲ್ಲಿ ನಮ್ಮವರು ಸಿಕ್ಕಿಬಿದ್ದಾಗ ಯಾವ ಊರಿನವರು ಎಷ್ಟು ಮಂದಿ, ಎಲ್ಲಿದ್ದಾರೆ ಎಂದು ಹೇಳಬಲ್ಲ ಪಟ್ಟಿ ಹಳ್ಳಿಗಳಲ್ಲಿ ಇರಲಿಲ್ಲ. ಫೋನಿನಲ್ಲಿ ಒಬ್ಬರಿಂದೊಬ್ಬರನ್ನು ಹುಡುಕಬೇಕಾಯಿತು. ಗ್ರಾಮ ಪಂಚಾಯಿತಿಯಲ್ಲಿ ದುಡಿಯಲು ಹೋದವರ ಹೆಸರಿನ ಒಂದು ರಿಜಿಸ್ಟರ್ ಇಡುವುದು ಕಷ್ಟದ ಕೆಲಸವಲ್ಲ: ಹೆಸರು, ಜೊತೆಗಿರುವ ಮಕ್ಕಳು, ಮೇಸ್ತ್ರಿಯ ಹೆಸರು, ಹೋದ ಜಾಗ, ಎರಡು ಫೋನ್ ನಂಬರು, ಹೋದ ತಾರೀಖು, ಬಂದ ತಾರೀಖು. ಶಾಲೆಯ ಮೇಷ್ಟ್ರು, ಆಶಾ ಕಾರ್ಯಕರ್ತೆ, ಅಂಗನವಾಡಿ ಟೀಚರ್ ಮೂವರೂ ಸೇರಿದರೆ ದೀಪಾವಳಿಯ ಹೊತ್ತಿಗೆ ಒಂದು ವಾರದಲ್ಲಿ ತುಂಬಿಸಬಹುದು. ಮುಂದಿನ ಗ್ರಾಮಸಭೆಯಲ್ಲಿ ಎದ್ದು ನಿಂತು ಇದನ್ನು ಕೇಳಿ, ಕೇಳಿದ್ದನ್ನು ನಡಾವಳಿ ಪುಸ್ತಕದಲ್ಲಿ ಬರೆಸಿ. ಪಂಚಾಯಿತಿ ಅಭಿವೃದ್ಧಿ ಅಧಿಕಾರಿ (ಪಿಡಿಒ) ಅವರು ನಮೂನೆ ಇಲ್ಲವೆಂದರೆ, ಈಗ ಹೇಳಿದ ಅಂಕಣಗಳನ್ನೇ ಒಂದು ಹಾಳೆಯಲ್ಲಿ ಗೆರೆ ಹಾಕಿ ಕೊಟ್ಟುಬನ್ನಿ.